64 ಜನರ ಕ್ಲಾಸ್ ವಾಟ್ಸಾಪ್ ಗ್ರೂಪು ಓದಿಗೆ ನಿಜಕ್ಕೂ ಉಪಯೋಗ ಆಗೋ ಹಾಗೆ ಕಟ್ಟೋದು ಹೇಗೆ?

ಸಿಆರ್_ಮೂರನೇಸೆಮ್ ಕೇಳಿದ್ದು:

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದ ಕಾಲೇಜು, ಬಿಇ 3ನೇ ಸೆಮಿಸ್ಟರ್, 2022ರ ಸ್ಕೀಮ್ (ಪಠ್ಯಕ್ರಮ). ನಾನು ಸಿಆರ್, ಅಂದ್ರೆ ಕ್ಲಾಸ್ ಪ್ರತಿನಿಧಿ. ಕ್ಲಾಸಲ್ಲಿ 64 ಜನ. ಅದರಲ್ಲಿ 6 ಜನ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ (ನೇರ ಎರಡನೇ ವರ್ಷಕ್ಕೆ) ಈಗ ಸೇರಿರೋರು. ಮೇಷ್ಟ್ರುಗಳಿರೋ ಗ್ರೂಪ್ ಒಂದು, ನಮ್ಮದೇ ಗ್ರೂಪ್ ಒಂದು, ಹೀಗೆ ಎರಡಿದೆ.

ದಿನಕ್ಕೆ ಇನ್ನೂರು ಮುನ್ನೂರು ಮೆಸೇಜು ಬರುತ್ತೆ. ಇಂಟರ್ನಲ್ಸ್ (ಕಾಲೇಜಲ್ಲೇ ನಡೆಯೋ ಟೆಸ್ಟು) ಟೈಮ್‌ಟೇಬಲ್ ಬದಲಾದದ್ದು ಗುಡ್ ಮಾರ್ನಿಂಗು, ಸ್ಟಿಕ್ಕರು, ಕ್ರಿಕೆಟ್ ಸ್ಕೋರಿನ ಅಡಿಯಲ್ಲಿ ಹೂತುಹೋಗುತ್ತೆ. ನೋಟ್ಸ್ ಹುಡುಕಿದ್ರೆ ಸಿಗಲ್ಲ, ‘ಮತ್ತೆ ಕಳಿಸ್ರೋ’ ಅಂತ ವಾರಕ್ಕೆ ಹತ್ತು ಸಲ ಕೇಳ್ತಾರೆ. ಡೌಟ್ ಕೇಳೋರು ಯಾವಾಗಲೂ ಅದೇ ಏಳೆಂಟು ಜನ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರೋರು ಬಾಯೇ ಬಿಡಲ್ಲ. ಲ್ಯಾಟರಲ್‌ನವರಿಗೆ ಹಿಂದಿನ ಮೆಸೇಜು ಒಂದೂ ಕಾಣಲ್ಲ.

ಬೇರೆ ಆ್ಯಪ್‌ಗೆ ಹೋಗೋಣ ಅಂದ್ರೆ ಅರ್ಧ ಜನ ಬರಲ್ಲ. ವಾಟ್ಸಾಪಲ್ಲೇ ಇದನ್ನ ಸರಿ ಮಾಡೋದು ಹೇಗೆ? ಸೆಟ್ಟಿಂಗ್ಸ್ ಸಮೇತ ಹೇಳಿ.

ಅಡ್ಮಿನ್‌ಗಿರಿ:

ನೋಟಿಸ್ ಬೋರ್ಡೂ ಕ್ಯಾಂಟೀನೂ ಒಂದೇ ಗ್ರೂಪಲ್ಲಿ ನಡೆಯಲ್ಲ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಷ್ಟೇ. ‘ಗುಡ್ ಮಾರ್ನಿಂಗ್ ಹಾಕಬೇಡಿ’ ಅಂತ ನಿಯಮ ಬರೆದು ಬೈಯೋದು ದಂಡ. ಮಾತಾಡೋ ಜಾಗ ಬೇರೆ ಕೊಟ್ಟುಬಿಡಿ.

ಹೊಸದಾಗಿ ಒಂದು ‘ಸೂಚನೆ’ ಗ್ರೂಪ್ ಮಾಡಿ. ಗ್ರೂಪ್ ಹೆಸರು ಒತ್ತಿ, ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ, ಸದಸ್ಯರು ಮೆಸೇಜ್ ಕಳಿಸಬಹುದು ಅನ್ನೋದನ್ನ ಆಫ್ ಮಾಡಿ. ಅಲ್ಲೇ ಗ್ರೂಪ್ ಮಾಹಿತಿ ತಿದ್ದೋದು, ಸದಸ್ಯರನ್ನ ಸೇರಿಸೋದು ಎರಡನ್ನೂ ಆಫ್ ಮಾಡಿ. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನೋದನ್ನ ಆನ್ ಮಾಡಿ. ಈಗಿರೋ ನಿಮ್ಮ ಗ್ರೂಪನ್ನ ಹರಟೆಗೆ ಹಾಗೇ ಬಿಡಿ, ಯಾರು ಬೇಕಾದ್ರೂ ಮ್ಯೂಟ್ ಮಾಡಿಕೊಳ್ಳಲಿ. ಸೂಚನೆ ಗ್ರೂಪನ್ನ ಮಾತ್ರ ಯಾರೂ ಮ್ಯೂಟ್ ಮಾಡಬಾರದು. ಅಲ್ಲಿ ದಿನಕ್ಕೆ ಎರಡು ಮೂರು ಮೆಸೇಜು ಮೀರದೇ ಇದ್ರೆ ಯಾರೂ ಮಾಡೋದೂ ಇಲ್ಲ.

ಅಡ್ಮಿನ್ ಮೂರು ಜನ ಇರಲಿ. ಹಾಸ್ಟೆಲ್‌ನವರೊಬ್ಬರು, ಬಸ್ಸಲ್ಲಿ ಬರೋರೊಬ್ಬರು, ಮೂರರಲ್ಲಿ ಒಬ್ಬಳಾದರೂ ಹುಡುಗಿ. ಒಬ್ಬನೇ ಅಡ್ಮಿನ್ ಆದ್ರೆ ಅವನ ಫೋನ್ ಚಾರ್ಜ್ ಇಳಿದ ದಿನವೇ ಟೈಮ್‌ಟೇಬಲ್ ಬದಲಾಗೋದು.

ಸೂಚನೆ ಬರೆಯೋದಕ್ಕೂ ಒಂದು ಅಚ್ಚು ಇಟ್ಟುಕೊಳ್ಳಿ: ಏನು, ಯಾವ ತಾರೀಕು ಮತ್ತು ವಾರ, ಎಷ್ಟು ಗಂಟೆ, ಯಾವ ರೂಮು, ಹೇಳಿದ್ದು ಯಾರು. ‘ನಾಳೆ’ ಅನ್ನೋ ಪದ ಪೂರ್ತಿ ನಿಷೇಧ. ರಾತ್ರಿ 11:50ಕ್ಕೆ ಹಾಕಿದ ‘ನಾಳೆ’ಯನ್ನ ಬೆಳಗ್ಗೆ 7ಕ್ಕೆ ಓದೋರು ಇನ್ನೊಂದು ದಿನ ಮುಂದಕ್ಕೆ ತಳ್ಳಿಬಿಡ್ತಾರೆ. ನೋಟಿಸ್ ಬೋರ್ಡಿನ ಫೋಟೊ ಜೊತೆಗೇ ಹಾಕಿ.

ಜನ ಎಡವೋದು ಇಲ್ಲಿ: ತಾರೀಕು ತಪ್ಪಾದ್ರೆ ಎಡಿಟ್ ಮಾಡಬೇಡಿ. ಎಡಿಟ್‌ಗೆ 15 ನಿಮಿಷ ಅವಕಾಶ ಇದೆ, ಆದ್ರೆ ಎಡಿಟ್ ಆದದ್ದಕ್ಕೆ ಯಾರಿಗೂ ಹೊಸ ನೋಟಿಫಿಕೇಶನ್ ಹೋಗಲ್ಲ. ಮೊದಲ ಐದು ನಿಮಿಷದಲ್ಲಿ ಓದಿ ಮುಗಿಸಿದವರು ಹಳೇ ತಾರೀಕನ್ನೇ ನಂಬಿಕೊಂಡಿರ್ತಾರೆ. ತಪ್ಪಿದ್ದನ್ನ ಎಲ್ಲರಿಗೂ ಡಿಲೀಟ್ ಮಾಡಿ, ‘ತಿದ್ದುಪಡಿ’ ಅಂತ ಶುರುವಾಗೋ ಹೊಸ ಮೆಸೇಜ್ ಹಾಕಿ.

ಪಿನ್ ಮಾಡೋಕೆ, ಅಂದ್ರೆ ಗ್ರೂಪಿನ ಮೇಲ್ತುದಿಯಲ್ಲಿ ಅಂಟಿಸಿಡೋಕೆ, ಮೂರು ಮೆಸೇಜಿಗೆ ಮಾತ್ರ ಜಾಗ. 24 ಗಂಟೆ, 7 ದಿನ, 30 ದಿನ ಅಂತ ಕೇಳುತ್ತೆ. ನೋಡದೆ ಒತ್ತಿದ್ರೆ ವಾರಕ್ಕೆ ಕಳಚಿಕೊಳ್ಳುತ್ತೆ. ಇಂಟರ್ನಲ್ಸ್ ವೇಳಾಪಟ್ಟಿ, ಅಸೈನ್‌ಮೆಂಟ್ ಗಡುವುಗಳ ಪಟ್ಟಿ, ಫೀಸ್ ಅಥವಾ ಪರೀಕ್ಷಾ ಅರ್ಜಿಯ ಕೊನೇ ದಿನ, ಈ ಮೂರು ಸಾಕು. ಲ್ಯಾಟರಲ್‌ನವರ ವಿಷಯ: ಅವರು ಸೇರೋಕೆ ಮುಂಚೆ ಹಾಕಿದ್ದು ಪಿನ್ ಆಗಿದ್ರೂ ಅವರಿಗೆ ಕಾಣಲ್ಲ. ಗ್ರೂಪಿನ ಡಿಸ್ಕ್ರಿಪ್ಷನ್ ಮಾತ್ರ ಎಲ್ಲರಿಗೂ ಕಾಣುತ್ತೆ. ನೋಟ್ಸ್ ಫೋಲ್ಡರಿನ ಲಿಂಕು ಡಿಸ್ಕ್ರಿಪ್ಷನ್ನಲ್ಲಿರಲಿ.

‘ಓಕೆ’, ‘ಥ್ಯಾಂಕ್ಯೂ ಸರ್’ ಅಂತ 64 ಮೆಸೇಜು ಬೇಡ, ಮೆಸೇಜಿಗೆ ಹೆಬ್ಬೆರಳಿನ ಇಮೋಜಿ ಒತ್ತಿದ್ರೆ ಸಾಕು. ಎಕ್ಸ್‌ಟ್ರಾ ಕ್ಲಾಸ್ ಯಾವತ್ತು ಬೇಕು ಅಂತ ಕೇಳೋಕೆ ಪೋಲ್ ಇದೆ, 12 ಆಯ್ಕೆವರೆಗೆ ಕೊಡಬಹುದು. ಒಂದಕ್ಕಿಂತ ಹೆಚ್ಚು ಉತ್ತರ ಅನ್ನೋದನ್ನ ಆಫ್ ಮಾಡೋದು ಮರೆತ್ರೆ ಒಬ್ಬೊಬ್ಬರೂ ಎಲ್ಲದಕ್ಕೂ ಒತ್ತಿ ಲೆಕ್ಕ ಕೆಡುತ್ತೆ.

ನೋಟ್ಸ್_ನಾಗರಬೆಟ್ಟ:

ಮೇಲಿನವರು ಹೇಳಿದ್ದು ಸರಿ. ನೋಟ್ಸಿನದ್ದು ನಾನು ಹೇಳ್ತೀನಿ, ಅಲ್ಲೇ ಹೆಚ್ಚು ಕೆಲಸ ಇರೋದು.

ವಾಟ್ಸಾಪ್ ಗೋದಾಮು ಅಲ್ಲ, ಕೊರಿಯರ್ ಹುಡುಗ. ತಲುಪಿಸ್ತಾನೆ, ಇಟ್ಟುಕೊಳ್ಳಲ್ಲ. ಡೌನ್‌ಲೋಡ್ ಮಾಡದೇ ಬಿಟ್ಟ ಫೈಲನ್ನ ಎರಡು ಮೂರು ತಿಂಗಳು ಬಿಟ್ಟು ಒತ್ತಿದ್ರೆ ‘ಮತ್ತೆ ಕಳಿಸೋಕೆ ಹೇಳಿ’ ಅನ್ನುತ್ತೆ. ಕಳಿಸಿದವನೂ ಅಷ್ಟರಲ್ಲಿ ಫೋನ್ ಖಾಲಿ ಮಾಡಿಕೊಂಡಿರ್ತಾನೆ. ಆದ್ದರಿಂದ ಫೈಲ್ ಇರಬೇಕಾದ್ದು ಗೂಗಲ್ ಡ್ರೈವಲ್ಲಿ, ಗ್ರೂಪಲ್ಲಿ ಬರೀ ಲಿಂಕು.

ಡ್ರೈವಲ್ಲೂ ಎರಡು ಗುಂಡಿ ಇದೆ. ಒಂದು, ಕಾಲೇಜು ಕೊಟ್ಟ ಮೇಲ್ ಐಡಿಯಲ್ಲಿ ಫೋಲ್ಡರ್ ಮಾಡಬೇಡಿ. ಓದು ಮುಗಿದ ಮೇಲೆ ಆ ಖಾತೆಯನ್ನ ಕಾಲೇಜು ಮುಚ್ಚಿದ್ರೆ ಫೋಲ್ಡರೂ ಹೋಯ್ತು. ಕ್ಲಾಸಿಗೆ ಅಂತಲೇ ಒಂದು ಜಿಮೇಲ್ ತೆರೆದು, ಪಾಸ್‌ವರ್ಡ್ ಮೂವರು ಅಡ್ಮಿನ್‌ಗಳ ಹತ್ತಿರ ಇರಲಿ. ಪುಕ್ಕಟೆ 15 ಜಿಬಿ ಸಾಕು. ಎರಡು, ಲಿಂಕ್ ಇರೋರೆಲ್ಲ ‘ಎಡಿಟರ್’ ಅಂತ ಬಿಟ್ರೆ ಯಾರೋ ಜಾಗ ಖಾಲಿ ಮಾಡೋ ಉತ್ಸಾಹದಲ್ಲಿ ಇಡೀ ಮಾಡ್ಯೂಲ್ (ಪಠ್ಯದ ಒಂದು ಘಟಕ) ಅಳಿಸಿಬಿಡ್ತಾರೆ. ಎಲ್ಲರಿಗೂ ‘ವ್ಯೂವರ್’, ಹಾಕೋರಿಗೆ ಮಾತ್ರ ‘ಎಡಿಟರ್’.

ಕೈಬರಹದ ನೋಟ್ಸನ್ನ ಕ್ಯಾಮೆರಾದಲ್ಲಿ ಹೊಡೆದು ಇಪ್ಪತ್ತು ಫೋಟೊ ಸುರಿಯೋದು ಬಿಡಿ. ಫೋಟೊ ಅಂತ ಕಳಿಸಿದ್ರೆ ವಾಟ್ಸಾಪ್ ಕುಗ್ಗಿಸುತ್ತೆ, ಸಬ್‌ಸ್ಕ್ರಿಪ್ಟ್, ಘಾತ, ಮೈನಸ್ ಚಿಹ್ನೆ ಎಲ್ಲ ಮಸುಕು. ಮೈನಸ್ ಕಾಣದೇ ಹೋದ ಒಂದು ಸಾಲಿಂದ ಇಡೀ ಮ್ಯಾಟ್ರಿಕ್ಸ್ ಲೆಕ್ಕ ತಪ್ಪುತ್ತೆ. ಆಂಡ್ರಾಯ್ಡ್ ಫೋನಿನ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ. ಹಗಲು ಬೆಳಕಲ್ಲಿ, ಕಿಟಕಿ ಎಡಗಡೆ ಬರೋ ಹಾಗೆ ಕೂತು ಸ್ಕ್ಯಾನ್ ಮಾಡಿ. ಟ್ಯೂಬ್‌ಲೈಟ್ ಕೆಳಗೆ ಕೈಯ ನೆರಳು ಬೀಳುತ್ತೆ. ಎಲ್ಲ ಪುಟ ಸೇರಿ ಒಂದೇ ಪಿಡಿಎಫ್ ಆಗಲಿ. ಫೈಲಿಗೆ ಹೆಸರು ಹೀಗೆ: ವಿಷಯದ ಕೋಡ್, ಮಾಡ್ಯೂಲ್ ನಂಬರ್, ತಾರೀಕು. ‘ಸ್ಕ್ಯಾನ್ 47’, ‘ಫೈನಲ್’, ‘ಫೈನಲ್ ಹೊಸದು’ ಅನ್ನೋ ಹೆಸರಿನ ಫೈಲನ್ನ ಯಾರೂ ಹುಡುಕೋಕಾಗಲ್ಲ.

ಇನ್ನು ಕೆಲಸ ಹಂಚೋದು. ವಿಟಿಯು ಥಿಯರಿ ಪೇಪರ್ ಹೇಗಿರುತ್ತೆ ನೋಡಿ: 5 ಮಾಡ್ಯೂಲ್, ಒಂದೊಂದರಿಂದ 2 ಪ್ರಶ್ನೆ, ಒಟ್ಟು 10, ಪ್ರತಿಯೊಂದೂ 20 ಅಂಕದ್ದು. ಮಾಡ್ಯೂಲಿಗೆ ಒಂದರಂತೆ 5 ಬರೀಬೇಕು. ಒಂದು ಮಾಡ್ಯೂಲ್ ಪೂರ್ತಿ ಬಿಟ್ರೆ 20 ಅಂಕ ಹೋಯ್ತು, ಬೇರೆ ಮಾಡ್ಯೂಲಲ್ಲಿ ಎರಡು ಬರೆದು ತುಂಬಿಸೋಕಾಗಲ್ಲ. ಹಾಗಾಗಿ ಹಂಚಿಕೆಯೂ ಮಾಡ್ಯೂಲ್ ಲೆಕ್ಕದಲ್ಲೇ ಆಗಬೇಕು. 64 ಜನ ಅಂದ್ರೆ ನಾಲ್ಕು ನಾಲ್ಕು ಜನರ 16 ಬ್ಯಾಚ್. ಮಾಡ್ಯೂಲಿಗೆ 3 ಬ್ಯಾಚ್, 15 ಆಯ್ತು. ಉಳಿದ ಒಂದು ಬ್ಯಾಚಿಗೆ ಪಟ್ಟಿ, ಹೆಸರು, ಫೋಲ್ಡರ್ ನೋಡಿಕೊಳ್ಳೋ ಕೆಲಸ.

ಆ ಮೂರರಲ್ಲಿ ಮೊದಲ ಬ್ಯಾಚ್ ಹಳೇ ನಾಲ್ಕೈದು ಪೇಪರ್‌ಗಳಿಂದ ಆ ಮಾಡ್ಯೂಲಿನ ಪ್ರಶ್ನೆ ಎತ್ತಿ ಒಂದೆಡೆ ಬರೆಯುತ್ತೆ, ಎರಡನೇದು ಉತ್ತರ ಬಿಡಿಸುತ್ತೆ, ಮೂರನೇದು ತಪ್ಪು ನೋಡುತ್ತೆ. ಬಿಡಿಸಿದವರೇ ತಪ್ಪು ನೋಡಿದ್ರೆ ಏನೂ ಸಿಗಲ್ಲ, ಕಣ್ಣು ತಾನು ಬರೆದದ್ದನ್ನೇ ಓದುತ್ತೆ. ಮುಂದಿನ ವಿಷಯಕ್ಕೆ ಪಾತ್ರ ಬದಲಾಯಿಸಿ. ಇಲ್ಲಾಂದ್ರೆ ಬರೆಯೋರು ಬರೀತಾನೇ ಇರ್ತಾರೆ, ಮಿಕ್ಕವರು ಡೌನ್‌ಲೋಡ್ ಮಾಡ್ತಾನೇ ಇರ್ತಾರೆ. ಲ್ಯಾಟರಲ್‌ನ 6 ಜನರನ್ನ ಒಂದೇ ಬ್ಯಾಚಿಗೆ ತುರುಕಬೇಡಿ, ಆರು ಬ್ಯಾಚಿಗೆ ಹಂಚಿ. ಡಿಪ್ಲೊಮಾದವರ ಕೈ ಲ್ಯಾಬಲ್ಲಿ ಪಳಗಿರುತ್ತೆ, ಗಣಿತದಲ್ಲಿ ಬಿಟ್ಟುಹೋದ ಭಾಗ ಇರುತ್ತೆ. ಕೊಡೋದು ತಗೊಳ್ಳೋದು ಎರಡೂ ನಡೆಯುತ್ತೆ.

ಧಾರವಾಡ್_ಪೇಢಾ:

ನೋಡ್ರಿ, ಡೌಟ್ ಕೇಳೂದು ಅನ್ನೂದು ಗ್ರೂಪಿನ ಸೈಜಿನ ಮ್ಯಾಲೆ ಐತಿ. 64 ಮಂದಿ ಮುಂದ ‘ನನಗ ಇದು ತಿಳೀಲಿಲ್ಲ’ ಅನ್ನಾಕ ಯಾರಿಗೂ ಮನಸ್ಸಾಗೂದಿಲ್ಲ. ಅದನ್ನ ನಾಲ್ಕು ಮಂದಿ ಮುಂದ ಅಂತಾರ. ಮ್ಯಾಲೆ ಹೇಳಿದ 16 ಬ್ಯಾಚಿಗೂ ಒಂದೊಂದು ಸಣ್ಣ ಗ್ರೂಪ್ ಮಾಡ್ರಿ. ಡೌಟ್ ಮೊದಲ ಅಲ್ಲಿ ಬೀಳಲಿ. ಅಲ್ಲಿ ಬಗೆಹರೀದಿದ್ರ ಬ್ಯಾಚಿನೊಳಗ ಯಾರರ ಒಬ್ರು ‘ನಮ್ಮ ಬ್ಯಾಚಿನ ಪ್ರಶ್ನೆ’ ಅಂತ ದೊಡ್ಡ ಗ್ರೂಪಿಗೆ ಒಯ್ಯಲಿ. ಕೇಳಿದಾವ ಯಾರು ಅನ್ನೂದು ಯಾರಿಗೂ ಗೊತ್ತಾಗೂದಿಲ್ಲ.

‘ಯಾರರ ಅದೀರೇನು, ಒಂದು ಡೌಟ್ ಇತ್ತು’ ಅಂತ ಹಾಕಿದ್ರ ಯಾರೂ ಉತ್ತರ ಕೊಡೂದಿಲ್ಲ, ಕೊಡಾಕ ಅಲ್ಲಿ ಏನೂ ಇಲ್ಲ. ಪ್ರಶ್ನೆ ಹಿಂಗ ಇರಬೇಕು: ಯಾವ ಮಾಡ್ಯೂಲ್, ಯಾವ ಲೆಕ್ಕ, ನೀವು ಬಿಡಿಸಿದಷ್ಟರ ಫೋಟೊ, ಸಿಕ್ಕೊಂಡ ಸಾಲಿಗೆ ಒಂದು ಗೆರಿ. ಉತ್ತರ ಕೊಡಾವ್ಗ ಎರಡು ನಿಮಿಷದ ಕೆಲಸ ಆಕ್ಕೈತಿ. ಉತ್ತರಾನೂ ಆ ಮೆಸೇಜಿಗೆ ರಿಪ್ಲೈ ಒತ್ತೇ ಕೊಡ್ರಿ, ಇಲ್ಲಂದ್ರ ಯಾವ ಉತ್ತರ ಯಾವ ಪ್ರಶ್ನೆಗೆ ಅಂತ ಮರುದಿನ ತಿಳಿಯೂದಿಲ್ಲ.

ಕನ್ನಡ ಮಾಧ್ಯಮದವರ ಮಾತು ಬ್ಯಾರೆ. ಅವರಿಗೆ ವಿಷಯ ಬರೂದಿಲ್ಲ ಅಂತಲ್ಲ, ಹೆಸರು ಬರೂದಿಲ್ಲ. ವೇಗೋತ್ಕರ್ಷ, ಸಂವೇಗ, ಜಡತ್ವ, ರೋಧ ಅಂತ ಓದಿದವ ಆಕ್ಸಲರೇಶನ್, ಮೊಮೆಂಟಮ್, ಇನರ್ಶಿಯಾ, ರೆಸಿಸ್ಟೆನ್ಸ್ ಅಂದಾಗ ಒಂದು ಗಳಿಗೆ ತಡೀತಾನ, ಅಷ್ಟರಾಗ ಮೇಷ್ಟ್ರು ಮುಂದ ಹೋಗಿರ್ತಾರ. ಗಣಿತದಾಗೂ ಹಂಗ: ಮಾತೃಕೆ ಅಂದ್ರ ಮ್ಯಾಟ್ರಿಕ್ಸ್, ಸಂಭವನೀಯತೆ ಅಂದ್ರ ಪ್ರಾಬಬಿಲಿಟಿ, ಅನುಕಲನ ಅಂದ್ರ ಇಂಟಿಗ್ರೇಶನ್. ಡ್ರೈವಿನಾಗ ಒಂದು ಶೀಟ್ ತೆರೀರಿ. ಒಂದು ಕಾಲಮ್ಮಿನಾಗ ಇಂಗ್ಲಿಷ್ ಪದ ಕನ್ನಡ ಲಿಪಿಯೊಳಗ, ಎರಡನೇದರಾಗ ಕನ್ನಡ ಪದ, ಮೂರನೇದರಾಗ ಒಂದು ಸಾಲಿನ ಅರ್ಥ. ವಿಷಯಕ್ಕ 40–50 ಪದ ಸಾಕು. ಸೆಮ್ಮಿನ ಮೊದಲ ಎರಡು ವಾರದಾಗ ತುಂಬಿದ್ರ ಉಪಯೋಗ. ಪರೀಕ್ಷಾ ಹಿಂದಿನ ದಿನ ತುಂಬಿದ್ರ ಪ್ರಯೋಜನಿಲ್ಲ.

ಬರದು ಹೇಳಾಕಾಗದ್ದಕ್ಕ ವಾಯ್ಸ್ ನೋಟ್ ಚಲೋ. ಆದ್ರ ಒಂದು ನಿಮಿಷ ದಾಟಿದ್ರ ಯಾರೂ ಕೇಳೂದಿಲ್ಲ. ಒಂದು ನೋಟಿಗೆ ಒಂದ ಹೆಜ್ಜಿ ಹೇಳ್ರಿ. ಇಂಟರ್ನಲ್ಸ್ ಹಿಂದಿನ ರಾತ್ರಿ 9ರಿಂದ 10ರ ತನಕ ಬ್ಯಾಚಿನವರು ವಿಡಿಯೊ ಕಾಲ್ ಹಚ್ಚಿ ಸ್ಕ್ರೀನ್ ಶೇರ್ ಮಾಡ್ಕೊಂಡು ಒಂದೆರಡು ಲೆಕ್ಕ ಬಿಡಿಸ್ರಿ. 10ಕ್ಕ ಬಂದ್ ಮಾಡ್ರಿ, 2 ಗಂಟೆ ರಾತ್ರಿಗೆ ‘ಇದು ಬರತೈತಂತ’ ಅನ್ನೂ ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ ಓಡಾಡಿದ್ರ ಓದಿದ್ದೂ ಮರತ ಹೊಕ್ಕೈತಿ.

ಇನ್ನೊಂದು. ಕಣ್ಣು ಕಾಣದ ಸಹಪಾಠಿ ಇದ್ರ ಕೈಬರಹದ ಪಿಡಿಎಫ್ ಅವರ ಟಾಕ್‌ಬ್ಯಾಕಿಗೆ (ಫೋನಿನ ಪರದೆ ಓದಿ ಹೇಳೂ ಸೌಲಭ್ಯ) ಬರೀ ಚಿತ್ರ, ಓದೂದಿಲ್ಲ. ಟೈಪ್ ಮಾಡಿದ್ದ ಬೇಕು.

ಮೆಂಟರ್_ಮೇಷ್ಟ್ರು:

ನಾಲ್ಕು ವಿಷಯಗಳನ್ನು ಸೇರಿಸುತ್ತೇನೆ. ಗ್ರೂಪುಗಳು ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ.

ಪಾಸಾಗುವ ಲೆಕ್ಕವನ್ನು ಸೂಚನೆ ಗ್ರೂಪಿನಲ್ಲಿ ಒಮ್ಮೆ ಸರಿಯಾಗಿ ಹಾಕಿ. 2022ರ ಸ್ಕೀಮಿನ ಥಿಯರಿ ವಿಷಯದಲ್ಲಿ ಸಿಐಇ (ಇಂಟರ್ನಲ್ಸ್ ಸೇರಿದ ಕಾಲೇಜಿನ ಮೌಲ್ಯಮಾಪನ) 50ಕ್ಕೆ ಕನಿಷ್ಠ 20, ಎಸ್‌ಇಇ (ಸೆಮಿಸ್ಟರ್ ಕೊನೆಯ ಪರೀಕ್ಷೆ, 100 ಅಂಕದ ಪತ್ರಿಕೆಯನ್ನು 50ಕ್ಕೆ ಇಳಿಸಿದ್ದು) 50ಕ್ಕೆ ಕನಿಷ್ಠ 18 ಬೇಕು. ಆದರೆ ಎರಡೂ ಸೇರಿ 100ಕ್ಕೆ 40 ಆಗಬೇಕು. ಎರಡರಲ್ಲೂ ಅಂಚಿನಲ್ಲಿ ಪಾಸಾದವರಿಗೆ 20 ಮತ್ತು 18 ಸೇರಿ 38, ಫೇಲು. ಇಂಟರ್ನಲ್ಸ್‌ನಲ್ಲಿ ‘20 ಬಂದರೆ ಸಾಕು’ ಎಂದು ಗ್ರೂಪಿನಲ್ಲಿ ಹಬ್ಬುವ ಮಾತು ಎಷ್ಟೋ ಮಂದಿಯನ್ನು ಕೆಡಿಸುವುದು ಹೀಗೆ. ಹಾಜರಾತಿ ಶೇ 85. ಒಂದು ವಿಷಯಕ್ಕೆ 40 ಗಂಟೆ ಪಾಠ ನಡೆದರೆ 34ಕ್ಕೆ ಹಾಜರಿರಬೇಕು, ತಪ್ಪಿಸಬಹುದಾದ್ದು 6 ಮಾತ್ರ. ಬ್ಯಾಚಿನವರು ತಿಂಗಳಿಗೊಮ್ಮೆ ತಮ್ಮತಮ್ಮ ಲೆಕ್ಕ ಹೇಳಿಕೊಂಡರೆ ಕೊನೆಯಲ್ಲಿ ಯಾರೂ ಕಚೇರಿಯ ಮುಂದೆ ನಿಲ್ಲಬೇಕಾಗುವುದಿಲ್ಲ.

ಸುತ್ತೋಲೆ ಎಂದು ಬರುವ ಪಿಡಿಎಫ್‌ಗಳ ಬಗ್ಗೆ ಎಚ್ಚರ. ‘ಪರೀಕ್ಷೆ ಮುಂದೂಡಿಕೆ’ ಎಂಬ ಹಳೆಯ ವರ್ಷದ ಸುತ್ತೋಲೆ ಪ್ರತಿ ಸೆಮಿಸ್ಟರಿನಲ್ಲೂ ಒಮ್ಮೆ ಮರುಜನ್ಮ ಪಡೆಯುತ್ತದೆ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ತಾರೀಕು ನೋಡಿ, ವಿಟಿಯು ಜಾಲತಾಣದಲ್ಲಿ ಅದೇ ಸುತ್ತೋಲೆ ಇದೆಯೇ ನೋಡಿ, ಆಮೇಲೆ ಹಾಕಿ.

ಸ್ಕಾಲರ್‌ಶಿಪ್ ಕಾಲದಲ್ಲಿ ಪರಸ್ಪರ ನೆರವು ಬಹಳ ಬೇಕಾಗುತ್ತದೆ, ಅಪಾಯವೂ ಆಗಲೇ ಹೆಚ್ಚು. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಖಾತೆಗೆ ಆಧಾರ್ ಕೊಟ್ಟಿದ್ದೇನೆ ಎಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ದಾಖಲೆ) ಆಗಿರಬೇಕು. ‘ಮಂಜೂರಾಗಿದೆ, ದುಡ್ಡು ಬಂದಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಹೊಸ ಬ್ಯಾಂಕಿನಲ್ಲಿ ಆಧಾರ್ ಮ್ಯಾಪ್ ಮಾಡಿಸಿದರೆ ಹಣ ಆ ಖಾತೆಗೆ ಹೋಗುತ್ತದೆ, ಹಳೆಯ ಪಾಸ್‌ಬುಕ್ಕಿನಲ್ಲಿ ಹುಡುಕಿ ಫಲವಿಲ್ಲ. ಈ ಹಂತಗಳನ್ನು ಗ್ರೂಪಿನಲ್ಲಿ ಬರೆಯಿರಿ. ಆದರೆ ಆಧಾರ್ ಫೋಟೊ, ಪಾಸ್‌ಬುಕ್ ಮೊದಲ ಪುಟ, ಒಟಿಪಿ ಯಾವುದೂ ಗ್ರೂಪಿಗೆ ಬರಬಾರದು. ಯಾರಿಗಾದರೂ ಅರ್ಜಿ ತುಂಬಿಕೊಡಬೇಕಿದ್ದರೆ ಪಕ್ಕದಲ್ಲಿ ಕೂತು ತುಂಬಿ. ‘ಸ್ಕಾಲರ್‌ಶಿಪ್’ ಹೆಸರಿನ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಗ್ರೂಪಿಗೆ ಬಿದ್ದರೆ ಅಡ್ಮಿನ್ ತಕ್ಷಣ ಅಳಿಸಲಿ. ಅಡ್ಮಿನ್‌ಗೆ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸುವ ಅಧಿಕಾರ ಇದೆ. ಯಾರಾದರೂ ಅದನ್ನು ಹಾಕಿಕೊಂಡು ದುಡ್ಡು ಕಳೆದುಕೊಂಡರೆ ಒಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆ. ಎಲ್ಲರೂ ವಾಟ್ಸಾಪಿನ ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ಆರಂಕಿಯ ಪಿನ್ ಇಟ್ಟುಕೊಳ್ಳಿ.

ಕೊನೆಯದು, ಟೆಸ್ಟ್ ನಡೆಯುವಾಗ ಪ್ರಶ್ನೆಪತ್ರಿಕೆಯ ಫೋಟೊ ಗ್ರೂಪಿಗೆ ಬಂದರೆ ಅದು ನೆರವಲ್ಲ, ಮಾಲ್‌ಪ್ರಾಕ್ಟೀಸ್. ಹಾಕಿದವನ ಜೊತೆ ನೋಡಿದವರೂ ವಿಚಾರಣೆಗೆ ಬರಬೇಕಾಗುತ್ತದೆ. ಅಸೈನ್‌ಮೆಂಟಿನ ವಿಷಯದಲ್ಲಿ ವಿಧಾನ ಹಂಚಿಕೊಳ್ಳಿ, ಪೂರ್ತಿ ಬರೆದ ಹಾಳೆ ಬೇಡ. ಒಂದೇ ತಪ್ಪು ನಲವತ್ತು ಹಾಳೆಯಲ್ಲಿ ಕಂಡರೆ ಮೂಲ ಯಾರದ್ದೆಂದು ಹುಡುಕುವುದು ಮೇಷ್ಟ್ರುಗಳಿಗೆ ಕಷ್ಟವೇನಲ್ಲ.

ಮೆಲ್ಲಗೆ_ಮಾತಾಡಿ:

ಎಲ್ಲರೂ ಓದಿನ ಬಗ್ಗೆ ಹೇಳಿದ್ದಾರೆ. ರಿಸಲ್ಟ್ ದಿನದ ಬಗ್ಗೆ ಒಂದು ಮಾತು ಬೇಕು.

ಅಂದು ಗ್ರೂಪಿಗೆ ಯಾರೂ ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಹಾಕಬಾರದು, ಮುಖ್ಯವಾಗಿ ಬೇರೆಯವರದ್ದು. ಯುಎಸ್‌ಎನ್ (ವಿಟಿಯು ಕೊಡೋ ರಿಜಿಸ್ಟರ್ ನಂಬರ್) ಸಾಲಾಗಿ ಇರೋದ್ರಿಂದ ಪಕ್ಕದವರದ್ದು ಹಾಕಿ ನೋಡೋ ಚಟ ಕೆಲವರಿಗೆ ಇರುತ್ತೆ. ಆ ದಿನ ದೊಡ್ಡ ಗ್ರೂಪಲ್ಲೂ 24 ಗಂಟೆ ಅಡ್ಮಿನ್‌ಗಳು ಮಾತ್ರ ಬರೆಯೋ ಹಾಗೆ ಮಾಡಿ, ಮರುಮೌಲ್ಯಮಾಪನದ ಕೊನೇ ದಿನ, ಶುಲ್ಕ, ಲಿಂಕು ಇಷ್ಟನ್ನೇ ಹಾಕಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರೋರಿಗೆ ವಿಷಯವಾರು ಸಣ್ಣ ಗ್ರೂಪ್ ಮಾಡಿ, ಆದರೆ ಕೇಳದೆ ಯಾರನ್ನೂ ಸೇರಿಸಬೇಡಿ. ‘ಗಣಿತ ಮತ್ತೆ ಬರೆಯೋರು ನನಗೆ ಒಬ್ಬೊಬ್ಬರೇ ಮೆಸೇಜ್ ಮಾಡಿ’ ಅಂದ್ರೆ ಬೇಕಾದವರು ಬರ್ತಾರೆ.

ಯಾರಾದ್ರೂ ಗ್ರೂಪ್ ಬಿಟ್ಟು ಹೋದ್ರೆ ನೋಟಿಫಿಕೇಶನ್ ಅಡ್ಮಿನ್‌ಗೆ ಮಾತ್ರ ಹೋಗುತ್ತೆ. ಅದನ್ನ ‘ಯಾಕೆ ಬಿಟ್ಟ’ ಅಂತ ಗ್ರೂಪಲ್ಲಿ ಚರ್ಚೆ ಮಾಡಬೇಡಿ. ಅವರ ಬ್ಯಾಚಿನ ಒಬ್ಬರು ಫೋನ್ ಮಾಡಲಿ. ಬ್ಯಾಚ್ ನಾಲ್ಕು ಜನರದ್ದಾಗಿದ್ರೆ ಇದೂ ಒಂದು ಅನುಕೂಲ: 64ರಲ್ಲಿ ಒಬ್ಬ ಸುಮ್ಮನಾದ್ರೆ ಗೊತ್ತೇ ಆಗಲ್ಲ, ನಾಲ್ಕರಲ್ಲಿ ಒಬ್ಬ ಮೂರು ದಿನ ಸುಮ್ಮನಾದ್ರೆ ಗೊತ್ತಾಗುತ್ತೆ.

‘ಸಾಕಾಗಿದೆ’, ‘ಇನ್ನು ನಾನಿರಲ್ಲ’ ಅನ್ನೋ ರೀತಿಯ ಮೆಸೇಜು ಅಥವಾ ಸ್ಟೇಟಸ್ ಕಂಡ್ರೆ ಗ್ರೂಪಲ್ಲಿ ಮೂವತ್ತು ಜನ ಧೈರ್ಯ ತುಂಬೋದು ಬೇಡ. ಹತ್ತಿರದವರೊಬ್ಬರು ಕರೆ ಮಾಡಿ, ಎಲ್ಲಿದ್ದಾರೆ ಅಂತ ತಿಳ್ಕೊಂಡು ಅಲ್ಲಿಗೆ ಹೋಗಲಿ. ಇನ್ನೊಬ್ಬರು ವಾರ್ಡನ್‌ಗೆ ಅಥವಾ ಮನೆಯವರಿಗೆ ತಿಳಿಸಲಿ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಬಹುದು, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಒಬ್ಬರನ್ನೇ ಬಿಟ್ಟು ಬರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಸ್ನೇಹಿತರೂ ಕರೆ ಮಾಡಿ ಏನು ಮಾಡಬೇಕು ಅಂತ ಕೇಳಬಹುದು. ಜೀವಕ್ಕೆ ಈಗಲೇ ಅಪಾಯ ಇದೆ ಅನಿಸಿದ್ರೆ ತುರ್ತು ಸಹಾಯದ 112. ಈ ಎರಡು ನಂಬರೂ ಸೂಚನೆ ಗ್ರೂಪಿನ ಡಿಸ್ಕ್ರಿಪ್ಷನ್ನಲ್ಲೇ ಇರಲಿ.

ಹಾಗೇ, ಸೀನಿಯರ್‌ಗಳು ಜೂನಿಯರ್‌ಗಳನ್ನ ಗ್ರೂಪಿಗೆ ಎಳೆದು ‘ಹಾಡು ಕಳಿಸು, ಇಂಟ್ರೊ ಕೊಡು’ ಅಂತ ಪೀಡಿಸೋದನ್ನ ರ‍್ಯಾಗಿಂಗ್ ಅಂತಲೇ ನೋಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರಲ್ಲಿ ಕಾಲೇಜುಗಳಿಗೆ ಹೇಳಿದೆ. ದೂರಿಗೆ 1800-180-5522.

ಸಿಆರ್_ಮೂರನೇಸೆಮ್:

ಎಲ್ಲರಿಗೂ ಧನ್ಯವಾದ, ಸೂಚನೆ ಗ್ರೂಪ್ ಇವತ್ತೇ ಮಾಡ್ತೀನಿ. ಎರಡು ಸಣ್ಣ ಪ್ರಶ್ನೆ. ವಾಟ್ಸಾಪಲ್ಲಿ ಹಲವು ಗ್ರೂಪನ್ನ ಒಟ್ಟಿಗೆ ಇಡೋ ಕಮ್ಯುನಿಟಿ ಅಂತ ಇದೆಯಲ್ಲ, 16 ಬ್ಯಾಚೂ ಅದರೊಳಗೆ ಹಾಕಬಹುದಾ? ಮತ್ತೆ, ಹುಡುಗಿಯರು ನಂಬರ್ ಎಲ್ಲರಿಗೂ ಕಾಣುತ್ತೆ ಅಂತ ಹಿಂಜರೀತಿದಾರೆ.

ಅಡ್ಮಿನ್‌ಗಿರಿ:

ಹಾಕಬಹುದು. ಕಮ್ಯುನಿಟಿ ಮಾಡಿದ್ರೆ ಅನೌನ್ಸ್‌ಮೆಂಟ್ ಗ್ರೂಪ್ ತಾನಾಗೇ ಬರುತ್ತೆ, ಅದೇ ನಿಮ್ಮ ಸೂಚನೆ ಗ್ರೂಪ್. ಬೇರೆ ಮಾಡೋದು ಬೇಡ. ಅಲ್ಲಿ ಸದಸ್ಯರ ನಂಬರು ಬೇರೆ ಸದಸ್ಯರಿಗೆ ಕಾಣಲ್ಲ, ಅಡ್ಮಿನ್‌ಗಳಿಗೆ ಮತ್ತು ಮೊದಲೇ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಒಳಗಿನ ಹರಟೆ ಗ್ರೂಪ್, ಬ್ಯಾಚ್ ಗ್ರೂಪ್‌ಗಳಲ್ಲಿ ಮಾತ್ರ ಕಾಣುತ್ತೆ. ಆದ್ದರಿಂದ ಅನೌನ್ಸ್‌ಮೆಂಟ್ ಕಡ್ಡಾಯ, ಹರಟೆ ಗ್ರೂಪ್ ಇಷ್ಟ ಇದ್ದೋರಿಗೆ ಅಂತ ಇಡಿ. ಬ್ಯಾಚಿನ ನಾಲ್ವರನ್ನ ಅವರವರೇ ಆರಿಸಿಕೊಳ್ಳಲಿ. ಪ್ರೈವಸಿಯಲ್ಲಿ ಗ್ರೂಪ್ಸ್ ಅಂತ ಇದೆ, ಅದನ್ನ ‘ಮೈ ಕಾಂಟ್ಯಾಕ್ಟ್ಸ್’ ಮಾಡಿದ್ರೆ ಗೊತ್ತಿಲ್ಲದವರು ಎಳೆದು ಸೇರಿಸೋಕಾಗಲ್ಲ. ಪ್ರೊಫೈಲ್ ಫೋಟೊಗೂ ಅದೇ ಆಯ್ಕೆ.

ಇನ್ವೈಟ್ ಲಿಂಕನ್ನ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. 64 ಜನ ಸೇರಿದ ಮೇಲೆ ರೀಸೆಟ್ ಲಿಂಕ್ ಒತ್ತಿ, ಹಳೇ ಲಿಂಕ್ ಸತ್ತುಹೋಗುತ್ತೆ.